ನಾಲ್ಕು ಬೆರಳು ಕೆಳಗೆ

ನನ್ನ ಸೋದರಮಾವ ಲಿಫ್ಟ್ ನಡೆಸುತ್ತಿದ್ದ. ಹಾಗೆಂದರೆ ಈಗಿನವರು ನಗುತ್ತಾರೆ. ಲಿಫ್ಟ್ ನಡೆಸುವುದಕ್ಕೇನಿದೆ, ಗುಂಡಿ ಒತ್ತಿದರೆ ತಾನೇ ಹೋಗುತ್ತದಲ್ಲ ಎನ್ನುತ್ತಾರೆ. ಎಂಟು ಮಹಡಿಯ ಲಿಫ್ಟಿಗೆ ಗುಂಡಿ ಇರಲಿಲ್ಲ. ಗೋಡೆಗೆ ಒಂದು ಹಿತ್ತಾಳೆಯ ಹಿಡಿ ಇತ್ತು. ಬಲಕ್ಕೆ ತಳ್ಳಿದರೆ ಮೇಲೆ, ಎಡಕ್ಕೆ ತಳ್ಳಿದರೆ ಕೆಳಗೆ, ನಡುವೆ ತಂದರೆ ನಿಲ್ಲಬೇಕು. ಆದರೆ ಹೇಳಿದ ತಕ್ಷಣ ನಿಲ್ಲುವ ಜಾತಿಯದಲ್ಲ ಅದು. ಒಳಗೆ ಎಷ್ಟು ಜನ, ಎಂಥ ಭಾರ ಎಂದು ನೋಡಿಕೊಂಡು ಮಹಡಿ ಬರುವುದಕ್ಕೆ ಸ್ವಲ್ಪ ಮೊದಲೇ ಹಿಡಿಯನ್ನು ನಡುವೆ ತರಬೇಕು. ತಡವಾದರೆ ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಮೇಲೆ ಹೋಗಿ ನಿಲ್ಲುತ್ತದೆ, ಅವಸರ ಮಾಡಿದರೆ ಕೆಳಗೇ ಉಳಿಯುತ್ತದೆ. ಮಾವ ನಿಲ್ಲಿಸಿದ ಲಿಫ್ಟಿನಿಂದ ಗೋಲಿ ಉರುಳಿಸಿದರೆ ಅದು ಎಲ್ಲೂ ತಡೆಯದೆ ಹೊರಗಿನ ಹಾದಿಯವರೆಗೂ ಹೋಗುತ್ತಿತ್ತು. ಎಲ್ಲರಿಗೂ ಹಾಗೇ ನಿಲ್ಲಿಸುತ್ತಿದ್ದ, ಕಟ್ಟಡದ ಸಾಹುಕಾರನೊಬ್ಬನನ್ನು ಬಿಟ್ಟು.

ಎಂಟು ಮಹಡಿ ಎಂದರೆ ನಮ್ಮ ಊರಿನಲ್ಲಿ ಯಾರಿಗೂ ವಿಳಾಸ ಹೇಳಬೇಕಾಗಿಲ್ಲ. ಸಾಹುಕಾರನ ಅಪ್ಪ ಅದನ್ನು ಕಟ್ಟಿಸಿದಾಗ ಆ ಬೀದಿಯಲ್ಲಿ ಮರದ ಡಿಪೋಗಳು, ಕುದುರೆ ಲಾಯಗಳು ಬಿಟ್ಟರೆ ಏನೂ ಇರಲಿಲ್ಲವಂತೆ. ಇಷ್ಟು ಎತ್ತರ ಹತ್ತಿಕೊಂಡು ಹೋಗಿ ಯಾರಪ್ಪ ಕೆಲಸ ಮಾಡೋದು ಎಂದು ಜನ ಆಡಿಕೊಂಡರು. ಲಿಫ್ಟ್ ಬಂದ ಮೇಲೆ ಬಾಯಿ ಮುಚ್ಚಿದರು. ಮೊದಲು ವಿಮಾ ಕಂಪನಿ ಬಂತು, ಆಮೇಲೆ ಹತ್ತಿ ವ್ಯಾಪಾರಿಗಳು, ವಕೀಲರು. ಅವರ ಬೆನ್ನಿಗೇ ಟೈಪಿಂಗ್ ಶಾಲೆ, ಮುದ್ರಣಾಲಯ, ಹೋಟೆಲು, ಕ್ಷೌರದ ಅಂಗಡಿ. ಊರಿನ ಹೊಸ ರಸ್ತೆಗಳಿಗೆ ನಕ್ಷೆ ಹಾಕಿದ ಎಂಜಿನಿಯರು ಅದರ ತಾರಸಿಯ ಮೇಲೆ ನಿಂತೇ ಗೆರೆ ಎಳೆದನಂತೆ. ಇವತ್ತಿಗೂ ದೊಡ್ಡ ರಸ್ತೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಬಸ್ಸಿನ ಕಂಡಕ್ಟರು "ಎಂಟು ಮಹಡಿ, ಎಂಟು ಮಹಡಿ" ಎಂದು ಕೂಗಿದರೆ ಅರ್ಧ ಬಸ್ಸು ಖಾಲಿ. ಊರು ಆ ಕಟ್ಟಡದ ಸುತ್ತ ಬೆಳೆಯಿತು ಎಂದು ಪತ್ರಿಕೆಯವರು ಬರೆಯುತ್ತಾರೆ. ನಿಜವೇ. ಆದರೆ ಅದು ನಮ್ಮಪ್ಪನನ್ನು ತುಳಿದುಕೊಂಡು ಬೆಳೆಯಿತು ಎಂದು ಯಾರೂ ಬರೆಯಲಿಲ್ಲ. ಅದನ್ನು ನಾನು ಬರೆಯುತ್ತೇನೆ.

ಮಾವನಿಗಿಂತ ಮೊದಲು ಆ ಲಿಫ್ಟ್ ನಡೆಸುತ್ತಿದ್ದವನು ನಮ್ಮಪ್ಪ. ನಾನಾಗ ಶಾಲೆಗೆ ಹೋಗುತ್ತಿದ್ದೆ. ದೊಡ್ಡ ಬ್ಯಾಂಕೊಂದು ಐದನೇ ಮಹಡಿಗೆ ಬರಲು ಒಪ್ಪಿತ್ತು. ಬ್ಯಾಂಕು ಬಂದರೆ ಉಳಿದ ಖಾಲಿ ಕೋಣೆಗಳೂ ತಾವೇ ತುಂಬುತ್ತವೆ ಎಂದು ಸಾಹುಕಾರನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬ್ಯಾಂಕಿನ ಕಬ್ಬಿಣದ ತಿಜೋರಿ ಲಾರಿಯಲ್ಲಿ ಬಂದಾಗ ಅಪ್ಪ ಬೇಡವೆಂದ. ಲಿಫ್ಟಿನ ಉಕ್ಕಿನ ಹಗ್ಗದ ಎಳೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತಿದ್ದವು, ಅದನ್ನು ಅವನು ಹೇಳಿ ಹೇಳಿ ಸೋತಿದ್ದ. ರಾಟೆ ಕಟ್ಟಿ ಹೊರಗಿನಿಂದ ಎತ್ತಿ ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳೋಣ ಎಂದ. "ನೀನೇನು ಎಂಜಿನಿಯರಾ? ಸುಮ್ನೆ ಹತ್ತಿಸು" ಎಂದ ಸಾಹುಕಾರ. ಅಪ್ಪ ಹತ್ತಿಸಿದ. ನಾಲ್ಕನೇ ಮಹಡಿ ದಾಟುತ್ತಿದ್ದಾಗ ಹಗ್ಗ ಹರಿಯಿತು. ತಿಜೋರಿಗೆ ಏನೂ ಆಗಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಸಾಹುಕಾರ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. "ಒಳ್ಳೇ ಮನುಷ್ಯ, ಪಾಪ. ಕುಡಿಯೋದೊಂದು ಬಿಟ್ಟಿದ್ರೆ" ಎಂದ. ಅಷ್ಟೇ ಸಾಕಾಯಿತು. ಚಹಾ ಕುಡಿದರೆ ನಿದ್ದೆ ಬರುವುದಿಲ್ಲವೆಂದು ಚಹಾವನ್ನೂ ಬಿಟ್ಟಿದ್ದವನು ನಮ್ಮಪ್ಪ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಪ್ಪ ಬದುಕಿಡೀ ಉಳಿಸಿಕೊಂಡಿದ್ದ ಹೆಸರು ಆ ಒಂದು ಮಾತಿಗೆ ಒಡೆದು ಹೋಯಿತು. ಅದೇ ವಾರ ಲಿಫ್ಟಿಗೆ ಹೊಸ ಹಗ್ಗ ಬಂತು, ಬ್ಯಾಂಕೂ ಬಂತು. ನಮಗೆ ಬಂದದ್ದು ಕುಡುಕನ ಮನೆಯವರೆಂಬ ಬಿರುದು. ಅಮ್ಮ ನಲ್ಲಿಯ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ನಾನು ತರಗತಿಯಲ್ಲಿ ಎಡವಿದರೆ "ಅಪ್ಪನ ಹಾಗೇ ಮಗಳು" ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿತ್ತು. ನನ್ನನ್ನು ನೋಡಲು ಬಂದ ಎರಡು ಸಂಬಂಧಗಳು ಅದೇ ಕಾರಣಕ್ಕೆ ಬಾಗಿಲಿನಿಂದಲೇ ಹಿಂದೆ ಹೋದವು. ಅಪ್ಪನನ್ನು ಹೆತ್ತ ಅಜ್ಜಿಯೇ ಕೊನೆಗೆ "ಯಾರಿಗೆ ಗೊತ್ತು, ಗೆಳೆಯರ ಜೊತೆ ಸೇರಿದ್ನೋ ಏನೋ" ಎಂದಳು. ಆ ದಿನ ಅಮ್ಮ ಅಳಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ತಳ ಸವೆಯುವ ಹಾಗೆ ತಿಕ್ಕಿದಳು.

ಮಾವ ಆಗ ಸೈಕಲ್ ರಿಪೇರಿ ಅಂಗಡಿಯಲ್ಲಿದ್ದ. ಮಾತಿಗೆ ಮುಂಚೆ ನಗುವವನು, ಯಾರ ತಂಟೆಗೂ ಹೋಗದವನು. ಅಪ್ಪ ಸತ್ತ ಮೇಲೆ ಆ ಲಿಫ್ಟಿಗೆ ಯಾರೂ ಕೆಲಸಕ್ಕೆ ಸಿಗಲಿಲ್ಲ. ಸತ್ತವನು ಒಳಗೇ ಇದ್ದಾನೆ ಎಂದು ಹೆದರುತ್ತಿದ್ದರು. ಮಾವ ಹೋಗಿ ನಿಂತ. ಸಾಹುಕಾರ ಅವನ ಮುಖ ನೋಡಲಿಲ್ಲ, ಯಾರ ಕಡೆಯವನು ಎಂದು ಕೇಳಲಿಲ್ಲ, ಸಮವಸ್ತ್ರದ ಅಳತೆ ಕೊಡು ಎಂದ. ಸಂಜೆ ಮಾವ ಖಾಕಿ ಕೋಟು ಹಾಕಿಕೊಂಡೇ ನಮ್ಮ ಮನೆಗೆ ಬಂದ.

"ಅವನ ಅನ್ನ ತಿನ್ನೋಕೆ ಹೋದ್ಯಾ? ಮಾನ ಮರ್ಯಾದೆ ಇಲ್ವಾ ನಿಂಗೆ?" ಎಂದಳು ಅಮ್ಮ.

"ಅಕ್ಕ, ಅಲ್ಲಿ ನಾನೂ ಅವನೂ ಇಬ್ರೇ ಇರ್ತೀವಿ. ಜಾಲರಿ ಬಾಗಿಲು ಹಾಕಿದ್ಮೇಲೆ ಯಾರೂ ಇರಲ್ಲ."

ಅಮ್ಮ ಅವನ ಕೈಯಿಂದ ಚಹಾ ಲೋಟ ಕಿತ್ತುಕೊಂಡಳು. "ಕೊಲೆಗಾರನ ಅಕ್ಕ ಅಂತಾನೂ ಅನ್ನಿಸ್ಕೋಬೇಕಾ ನಾನು?"

ಅವನ ಮನಸ್ಸಿನಲ್ಲಿ ಇದ್ದದ್ದು ಅದೇ. ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಆ ಸಾಹುಕಾರನಿಗೊಂದು ಜಂಬವಿತ್ತು: ಅವನು ಲಿಫ್ಟ್ ಹತ್ತಿದರೆ ಮತ್ತೊಬ್ಬರು ಹತ್ತುವ ಹಾಗಿಲ್ಲ. ವಕೀಲರಿರಲಿ, ಬ್ಯಾಂಕಿನ ಮ್ಯಾನೇಜರೇ ಇರಲಿ, ಹೊರಗೆ ನಿಂತು ಕಾಯಬೇಕು. ಹೀಗೆ ದಿನವೂ ಆ ಪೆಟ್ಟಿಗೆಯಲ್ಲಿ ಅವರಿಬ್ಬರೇ. ಒಂದು ತಳ್ಳು ಸಾಕಿತ್ತು. ಆದರೆ ಮಾವ ಯೋಚನೆ ಮಾಡಿದ. "ಸಾಯಿಸಿದ್ರೆ ಅವನ ಹೆಸರಿಗೊಂದು ರಸ್ತೆ ಮಾಡ್ತಾರೆ. ಭಾವ ಮಾತ್ರ ಕುಡುಕನಾಗೇ ಉಳೀತಾರೆ" ಎಂದು ನನಗೆ ಬಹಳ ಕಾಲದ ಮೇಲೆ ಹೇಳಿದ. ಅವನಿಗೆ ಬೇಕಾದದ್ದು ಸಾಹುಕಾರನ ಹೆಣವಲ್ಲ, ಸಾಹುಕಾರನ ಬಾಯಿಂದ ಒಂದು ಮಾತು: ಅವನು ಕುಡಿದಿರಲಿಲ್ಲ. ಅಮ್ಮನಿಗೆ ಬೇಕಾದದ್ದೂ ಅಷ್ಟೇ. ಅದನ್ನು ಹೇಗೆ ಹೊರಡಿಸುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಸಾಹುಕಾರನನ್ನು ಎಂಟನೇ ಮಹಡಿಯ ಅವನ ಕಚೇರಿಗೆ ಕರೆದೊಯ್ಯುವಾಗ ಮಾವನ ಕಣ್ಣು ಹಿಡಿಯ ಮೇಲಿರಲಿಲ್ಲ, ಅವನ ಬೆನ್ನಿನ ಮೇಲಿತ್ತು. ಹಿಡಿಯನ್ನು ಬೇಗ ನಡುವೆ ತಂದುಬಿಟ್ಟ. ಲಿಫ್ಟ್ ನಾಲ್ಕು ಬೆರಳು ಕೆಳಗೇ ನಿಂತಿತು. ಸಾಹುಕಾರ ಹೊಸ್ತಿಲಿಗೆ ತಾಗಿ ಮುಗ್ಗರಿಸಿದ, ಬೈದ, ಆಮೇಲೆ ಕಾಲೆತ್ತಿ ಹೊರಗೆ ಇಟ್ಟ. ಅವನು ಕಾಲೆತ್ತಿದ್ದನ್ನು ಮಾವ ನೋಡಿದ. ಹಾಲು ಕುಡಿದಷ್ಟು ಸಂತೋಷವಾಯಿತಂತೆ. ಯಾರ ಮಾತಿಗೂ ಬಗ್ಗದವನು ನನ್ನ ಕೈಗೆ ಕಾಲೆತ್ತಿದನಲ್ಲ ಎಂದು. ಮರುದಿನ ಬೇಕೆಂದೇ ಹಾಗೆ ನಿಲ್ಲಿಸಿದ. ಅದರ ಮರುದಿನವೂ.

"ಏನಯ್ಯಾ ಇದು, ದಿನಾ ಕೆಳಗೇ ನಿಲ್ಲುತ್ತಲ್ಲ?"

"ಹಳೇ ಮೆಷಿನ್ನು ಸಾಹುಕಾರ್ರೇ. ದೊಡ್ಡೋರ ಭಾರ ತಡೆಯಲ್ಲ."

ಸಾಹುಕಾರ ಮೆಕ್ಯಾನಿಕ್ಕನ್ನು ಕರೆಸಿದ. ಮೆಕ್ಯಾನಿಕ್ಕು ಹತ್ತಿದಾಗ ಲಿಫ್ಟ್ ಎಂಟೂ ಮಹಡಿಯಲ್ಲಿ ಸಮವಾಗಿ ನಿಂತಿತು. ಬಾಡಿಗೆಯವರನ್ನು ಕೇಳಿದರೆ, ಇಂಥ ಲಿಫ್ಟ್ ಊರಲ್ಲೇ ಇಲ್ಲ ಎಂದರು. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹತ್ತಿದ್ದರೆ ಒಂದೇ ದಿನಕ್ಕೆ ಗುಟ್ಟು ರಟ್ಟಾಗುತ್ತಿತ್ತು. ಆದರೆ ಜಂಬ ಬಿಡಬೇಕಲ್ಲ! ಕೊನೆಗೆ ಅವನೇ ಸುಮ್ಮನಾದ. ವರ್ಷಗಳು ಕಳೆದ ಹಾಗೆ ಕಾಲು ತಾನಾಗಿ ಏಳುತ್ತಿತ್ತು. ಪತ್ರಿಕೆ ಓದುತ್ತಿದ್ದರೂ, ಮೊಬೈಲ್ ಕಿವಿಗೆ ಒತ್ತಿಕೊಂಡಿದ್ದರೂ, ಬಾಗಿಲು ತೆರೆದ ಕೂಡಲೇ ಬಲಗಾಲು ಮೇಲೆ. ಮಾವ ಮನೆಗೆ ಬಂದು ಅದನ್ನು ಮಾಡಿ ತೋರಿಸುತ್ತಿದ್ದ. ಹೊಟ್ಟೆ ಮುಂದೆ ಮಾಡಿ, ಮೂಗು ಮೇಲೆ ಮಾಡಿ, ಇಲ್ಲದ ಮೆಟ್ಟಿಲು ಹತ್ತುತ್ತಿದ್ದ. ಅಮ್ಮ ಮೊದಮೊದಲು ಮುಖ ತಿರುಗಿಸುತ್ತಿದ್ದಳು. ಆಮೇಲೆ ಅವಳೇ "ಇವತ್ತು ಎತ್ತಿದ್ನಾ?" ಎಂದು ಕೇಳತೊಡಗಿದಳು. ನಮ್ಮ ಮನೆಯಲ್ಲಿ ನಗು ಅಂತ ಇದ್ದರೆ ಅದೊಂದೇ.

ಒಮ್ಮೆ ಮಾವನಿಗೆ ಜ್ವರ ಬಂತು. ಅವನ ಬದಲು ಬಾಗಿಲ ಕಾವಲುಗಾರ ಲಿಫ್ಟ್ ನಡೆಸಿದ. ಏನೂ ತಿಳಿಯದ ಪಾಪದವನು, ಹೇಗೋ ಅದೃಷ್ಟಕ್ಕೆ ಎಂಟನೇ ಮಹಡಿಯಲ್ಲಿ ಸಮವಾಗಿ ನಿಲ್ಲಿಸಿಬಿಟ್ಟ. ಸಾಹುಕಾರ ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ, ಅದು ಧೊಪ್ಪನೆ ನೆಲಕ್ಕೆ ಬಡಿದು, ಎದುರಿನ ಗೋಡೆಗೆ ಹೋಗಿ ಒರಗಿದ. ಕಾವಲುಗಾರನಿಗೆ ಬಾಯಿಗೆ ಬಂದ ಹಾಗೆ ಬೈದ. ಜ್ವರ ನೋಡಲು ಬಂದ ಕಾವಲುಗಾರ ಇದನ್ನು ಹೇಳಿ, "ಸರಿಯಾಗಿ ನಿಲ್ಲಿಸಿದ್ದಕ್ಕೆ ಬೈದ್ರಲ್ಲ ಮಾರಾಯ" ಎಂದು ಗೋಳಾಡಿದ. ಮಾವ ಕಂಬಳಿಯೊಳಗೆ ಮುಖ ಮುಚ್ಚಿಕೊಂಡ. ನಾವು ಚಳಿ ಎಂದುಕೊಂಡೆವು. ಕಾವಲುಗಾರ ಹೋದ ಮೇಲೆ ಕಂಬಳಿ ತೆಗೆದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಅಕ್ಕ, ನನ್ನ ಕೈಯಲ್ಲಿ ಏನಿದೆ ಅಂತ ನಂಗೇ ಗೊತ್ತಿರ್ಲಿಲ್ಲ."

ಅದಾದ ಮೇಲೆ ಮಾವ ಒಂದು ದಿನವೂ ರಜೆ ಹಾಕಲಿಲ್ಲ. ಕಾದ. ಈ ನಡುವೆ ಊರು ಎಂಟು ಮಹಡಿಯನ್ನು ಬಿಟ್ಟು ಮುಂದೆ ಹೋಯಿತು. ಹೊರವಲಯದಲ್ಲಿ ಗಾಜಿನ ಕಟ್ಟಡಗಳು ಎದ್ದವು, ಬ್ಯಾಂಕು ಅಲ್ಲಿಗೆ ಹೋಯಿತು, ವಿಮಾ ಕಂಪನಿ ಹೋಯಿತು. ಉಳಿದವರು ನಾಲ್ಕಾರು ಮುದಿ ವಕೀಲರು, ಒಂದು ಟೈಪಿಂಗ್ ಶಾಲೆ, ಪಾರಿವಾಳಗಳು. ಸಾಹುಕಾರನಿಗೂ ತಲೆ ಬೆಳ್ಳಗಾಗಿ ಕೈಗೆ ಬೆತ್ತ ಬಂತು. ಆಗ ನಗರಪಾಲಿಕೆಯವರಿಗೆ ಜ್ಞಾನೋದಯವಾಯಿತು: ಈ ಕಟ್ಟಡ ಊರಿನ ಹೆಮ್ಮೆ, ಇದನ್ನು ಕಾಪಾಡಬೇಕು, ಎಂಟನೇ ಮಹಡಿಯ ಸಭಾಂಗಣದಲ್ಲಿ ಕಲ್ಲಿನ ಫಲಕ ಹಾಕಿ ಸಾಹುಕಾರನಿಗೆ ಸನ್ಮಾನ ಮಾಡಬೇಕು. ಮಾವ ಆ ಸುದ್ದಿ ತಂದ ದಿನ ಅಮ್ಮನ ಹತ್ತಿರ ಕೂತ. ಏಳುವಾಗ ನನಗೆ, "ನೀನು ಬಾ ಆವತ್ತು. ಮೆಟ್ಟಿಲ ಪಕ್ಕ ನಿಂತ್ಕೋ" ಎಂದ.

ಹೋದೆ. ಸಭಾಂಗಣದ ಹೊರಗೆ ಲಿಫ್ಟಿನ ಎದುರಿಗೇ ಮೇಯರು, ಅಧಿಕಾರಿಗಳು, ಕ್ಯಾಮೆರಾ ಹಿಡಿದ ಪತ್ರಿಕೆಯವರು ಸಾಲಾಗಿ ನಿಂತಿದ್ದರು. ಅವರನ್ನೆಲ್ಲ ಮಾವನೇ ಸರತಿಯಂತೆ ಮೇಲೆ ತಂದಿದ್ದ. ಸಾಹುಕಾರ ಅವತ್ತೂ ಯಾರ ಜೊತೆಗೂ ಹತ್ತಲಿಲ್ಲ. ಎಲ್ಲರೂ ಮೇಲೆ ಸೇರಿದ ಮೇಲೆ ತಾನೊಬ್ಬನೇ ಬರಬೇಕು, ಬಾಗಿಲು ತೆರೆಯಬೇಕು, ಚಪ್ಪಾಳೆ ಬೀಳಬೇಕು. ಕೆಳಗಿನಿಂದ ಹಗ್ಗ ಗುಂಯ್ ಎನ್ನುತ್ತ ಲಿಫ್ಟ್ ಬಂತು. ನಿಂತಿತು. ಸಮವಾಗಿ ನಿಂತಿತು.

ಮಾವ ಜಾಲರಿ ಎಳೆದ. ಸಾಹುಕಾರ ಬಿಳಿ ಕೋಟಿನಲ್ಲಿ ಎದೆಯುಬ್ಬಿಸಿ ನಿಂತಿದ್ದ, ಸೆಕೆಗೆ ಮುಖ ಕೆಂಪಾಗಿತ್ತು. ಕ್ಯಾಮೆರಾಗಳ ಕಡೆ ನೋಡಿ ನಕ್ಕ. ಕಾಲೆತ್ತಿದ. ಆನೆ ನದಿ ದಾಟುವ ಹಾಗೆ ಎತ್ತಿದ. ಅದು ಏನೂ ಇಲ್ಲದ ಕಡೆ ಇಳಿಯಿತು, ಬೆತ್ತ ಜಾರಿತು, ಊರಿನ ಹೆಮ್ಮೆ ಮೇಯರ ಪಾದಕ್ಕೆ ಅಡ್ಡಬಿತ್ತು. ಚಪ್ಪಾಳೆಗೆಂದು ಎತ್ತಿದ ಕೈಗಳು ಹಾಗೇ ನಿಂತವು. ಆಮೇಲೆ ಹಿಂದಿನಿಂದ ಯಾರೋ, ಯಾರೆಂದು ಗೊತ್ತಿಲ್ಲ, ಅವರ ಹೊಟ್ಟೆ ತಣ್ಣಗಿರಲಿ, "ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡ್ಬಿಟ್ಟಿದ್ದಾರೆ" ಎಂದರು. ನಗೆ ಹರಡಿತು.

"ಯಾರದು? ನಾನು ಕುಡಿಯೋದೇ ಇಲ್ಲ!" ಎಂದು ಸಾಹುಕಾರ ನೆಲದಿಂದಲೇ ಕೂಗಿದ. ನೋವಿಗೆ ನಾಲಿಗೆ ತೊದಲುತ್ತಿತ್ತು. ಕೂಗಿದಷ್ಟೂ ಕುಡಿದವನ ಹಾಗೇ ಕೇಳಿಸಿತು. "ಈ ಲಿಫ್ಟು ದಿನಾ ಕೆಳಗೆ ನಿಲ್ಲುತ್ತೆ! ನಾಲ್ಕು ಬೆರಳು ಕೆಳಗೆ! ಹೇಳಯ್ಯಾ, ಇವರಿಗೆ ಹೇಳು!"

"ಸಮವಾಗೇ ಇದೆಯಲ್ಲ ಸಾಹುಕಾರ್ರೇ" ಎಂದ ಮಾವ.

ಎಲ್ಲರೂ ಬಗ್ಗಿ ನೋಡಿದರು. ಸಮವಾಗೇ ಇತ್ತು. ಮೇಯರು ತುಟಿ ಕಚ್ಚಿಕೊಂಡು ಸೀರೆಯ ನೆರಿಗೆ ಸರಿಮಾಡಿಕೊಂಡರು.

ಮಾವ ಸಾಹುಕಾರನ ಕಂಕುಳಿಗೆ ಕೈ ಕೊಟ್ಟು ಎತ್ತಿ ಮೆಟ್ಟಿಲ ಪಕ್ಕದ ಬೆಂಚಿಗೆ, ನನ್ನ ಹತ್ತಿರವೇ ತಂದು ಕೂರಿಸಿದ. ಕೋಟಿನ ದೂಳು ಒರೆಸುತ್ತ ಕಿವಿಯ ಬಳಿ ಬಗ್ಗಿದ. ಅವನ ಮಾತು ನನಗೂ ಕೇಳಿಸಿತು.

"ನೀವು ಕುಡಿದಿಲ್ಲ ಅಂತ ನಂಗೊತ್ತು ಸಾಹುಕಾರ್ರೇ. ನಮ್ಮ ಭಾವನೂ ಕುಡಿದಿರ್ಲಿಲ್ಲ."

ಸಾಹುಕಾರ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ. "ಯಾರು ನೀನು?"

"ತಿಜೋರಿ ಹತ್ತಿಸಿ ಸತ್ತರಲ್ಲ, ಅವರ ಹೆಂಡತಿ ತಮ್ಮ. ಅವರು ಕುಡಿದಿರ್ಲಿಲ್ಲ ಅಂತ ನೀವು ಎಲ್ರ ಮುಂದೆ ಹೇಳಿ. ಲಿಫ್ಟಿನ ವಿಷಯ ನಾನೂ ಎಲ್ರ ಮುಂದೆ ಹೇಳ್ತೀನಿ. ಮಾತು ಕೊಡ್ತೀನಿ."

ಸಾಹುಕಾರನ ಬಾಯಿ ತೆರೆಯಿತು. ಕ್ಯಾಮೆರಾದವರ ಕಡೆ ನೋಡಿದ. ಮುಚ್ಚಿಕೊಂಡ. ಕುಡುಕನೆನ್ನಿಸಿಕೊಂಡರೂ ಚಿಂತೆಯಿಲ್ಲ, ಸುಳ್ಳನೆನ್ನಿಸಿಕೊಳ್ಳಬಾರದು ಎಂದು ಆ ಕ್ಷಣಕ್ಕೆ ಅನ್ನಿಸಿರಬೇಕು. ಮಾವ ಖಾಕಿ ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟು, ನನ್ನನ್ನು ಕರೆದುಕೊಂಡು ಮೆಟ್ಟಿಲಿಳಿದ.

ಕುಡುಕನೆನ್ನಿಸಿಕೊಳ್ಳುವುದು ಎಂಥದ್ದೆಂದು ಸಾಹುಕಾರನಿಗೆ ಆಮೇಲೆ ತಿಳಿಯಿತು. ಬಿದ್ದ ಚಿತ್ರ ಪತ್ರಿಕೆಯಲ್ಲಿ ಬಂತು, ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನಗರಪಾಲಿಕೆ ಫಲಕದ ಕೆಲಸವನ್ನು ಮುಂದಕ್ಕೆ ಹಾಕಿತು. ಅವನ ಮೊಮ್ಮಗಳ ಸಂಬಂಧವೊಂದು ಮುರಿಯಿತಂತೆ. ಅದನ್ನು ಕೇಳಿದಾಗ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಆ ದಿನ ಎರಡು ತುತ್ತು ಹೆಚ್ಚೇ ತಿಂದೆ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ, ಮಾವ, ನಾನು ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಓಣಿಗೆ ಹಿಡಿಸದಷ್ಟು ದೊಡ್ಡ ಕಾರು ಬಂದು ನಿಂತಿತು. ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಇಳಿದದ್ದು ಸಾಹುಕಾರನ ಮಗಳು, ನನ್ನ ವಯಸ್ಸಿನವಳೇ.

"ಅಪ್ಪ ಊಟ ಬಿಟ್ಟಿದ್ದಾರೆ. ಮನೆಯಿಂದ ಹೊರಗೆ ಬರಲ್ಲ ಅಂತಾರೆ" ಎಂದಳು ನನಗೆ. "ಎಲ್ಲಿ ಹೋದ್ರೂ ಬೆನ್ನ ಹಿಂದೆ ನಗ್ತಾರೆ. ಅದು ಹೇಗಿರುತ್ತೆ ಅಂತ ನಿಮಗೆ..." ಎಂದವಳು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಕಾರಿನ ಹತ್ತಿರ ಹೋದಳು. ಗಾಜು ಇಳಿಯಿತು. ಒಳಗೆ ಸಾಹುಕಾರ, ಎರಡೂ ಕೈ ಬೆತ್ತದ ಮೇಲೆ. ಏನೋ ಗೊಣಗಿದ.

"ಕೇಳಿಸ್ಲಿಲ್ಲ" ಎಂದಳು ಅಮ್ಮ.

"ನಿಮ್ಮ ಯಜಮಾನ್ರು... ಅವತ್ತು ಕುಡಿದಿರ್ಲಿಲ್ಲಮ್ಮ."

"ನಂಗೆ ಗೊತ್ತಿರೋದನ್ನ ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ಆ ಕೊನೇ ಮನೆಯವ್ರಿಗೆ ಕೇಳ್ಬೇಕು."

ಮಗಳು ಕಾರಿನ ಬಾಗಿಲು ತೆರೆದು ಅಪ್ಪನನ್ನು ಹಿಡಿದು ಇಳಿಸಿದಳು. ಅವನು ಓಣಿಯ ನಡುವೆ ನಿಂತು, ಕತ್ತಿನ ನರ ಉಬ್ಬುವ ಹಾಗೆ ಕೂಗಿದ. "ಆತ ಕುಡಿದಿರ್ಲಿಲ್ಲ! ಹಗ್ಗ ಹಳೇದಾಗಿತ್ತು! ನಾನೇ ಹತ್ತಿಸು ಅಂದೆ! ನಾನು ಹೇಳಿದ್ದು ಸುಳ್ಳು!"

ಅಮ್ಮ ಒಂದೊಂದೇ ಬಾಗಿಲಿನ ಕಡೆ ತಿರುಗಿ, ಅಲ್ಲಿ ನಿಂತವರ ಮುಖ ನೋಡಿಕೊಂಡು ಬಂದಳು. ಕೆಲವರು ತಲೆ ತಗ್ಗಿಸಿದರು. ಅವಳು ಆಗ ಅಳುತ್ತಾಳೆ ಎಂದುಕೊಂಡೆ. ಸೆರಗು ಕೊಡವಿಕೊಂಡು ಹೊಸ್ತಿಲು ಹತ್ತಿದಳು.

ಸಾಹುಕಾರ ಬೆತ್ತ ಊರಿಕೊಂಡು ಮಾವನ ಕಡೆ ನೋಡುತ್ತಿದ್ದ. ಮಾವ ಕೈ ಒರೆಸಿಕೊಂಡು ಹೊರಗೆ ಹೊರಟ.

"ಎಲ್ಲಿಗೆ?" ಎಂದಳು ಅಮ್ಮ.

"ಲಿಫ್ಟಿನ ವಿಷಯ ಹೇಳ್ಬೇಕಲ್ಲ ಅಕ್ಕ. ಮಾತು ಕೊಟ್ಟಿದ್ದೀನಿ."

"ಕೊಟ್ಟ ಮಾತು ಉಳಿಸ್ಕೋ, ಬೇಡ ಅಂದೋರು ಯಾರು? ಯಾವಾಗ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೀಯಾ?"

ಮಾವ ಯೋಚಿಸಿದ. "ಇಲ್ಲ."

"ಹಾಗಾದ್ರೆ ಬಾ, ಕೂತ್ಕೋ. ಸಾರು ಆರ್ತಾ ಇದೆ."

ಅಮ್ಮ ಬಾಗಿಲು ಹಾಕಿದಳು. ನಾವು ಮೂವರೂ ಊಟಕ್ಕೆ ಕೂತೆವು. ಹೊರಗೆ ಕಾರು ಹೊರಡುವ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ. ಅಮ್ಮ ನಿಧಾನವಾಗಿ, ಪ್ರತಿ ಅಗುಳನ್ನೂ ಅಗಿದು ಉಂಡಳು, ಆಮೇಲೆ ಇನ್ನೊಮ್ಮೆ ಬಡಿಸಿಕೊಂಡಳು.